ಮರದ ಜೇನಿಗೆ ಸುದ್ದಿ ಹೇಳುವ ಮೇವಿಸ್

ಮೇವಿಸ್ ರೆಡ್‌ಫರ್ನಳನ್ನು ನಾನು ಮೊದಲು ಕಂಡ ದಿನ ಆಕೆ ಒಂದು ಕಪಾಟಿನೊಡನೆ ಮಾತನಾಡುತ್ತಿದ್ದಳು.

ಥ್ರಿಂಗ್ಲಿಯ ಶಾಲೆಗೆ ನಾನು ಮೇಷ್ಟರಾಗಿ ಬಂದ ಮೊದಲ ಶರತ್ಕಾಲ ಅದು. ಮೂರನೆಯ ತರಗತಿಯ ಮಕ್ಕಳನ್ನು ಆಶ್ಲೋ ದೊಡ್ಡಮನೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಕೆಸರಿನ ಬೂಟುಗಳನ್ನು ಹೊರಗೆ ಬಿಡಿಸಿ, ಮಕ್ಕಳನ್ನು ಕಾಲುಚೀಲದಲ್ಲೇ ಸಾಲಾಗಿ ನಡೆಸಿಕೊಂಡು, ಕಿಟಕಿಗಳು ಪೂರ್ವಕ್ಕಿರುವ ದೊಡ್ಡ ಕೋಣೆಗೆ ಬಂದೆವು. ನೀಲಿ ಏಪ್ರನ್ ತೊಟ್ಟ ಹೆಂಗಸೊಬ್ಬಳು ನಮಗೆ ಬೆನ್ನು ಮಾಡಿ ನಿಂತಿದ್ದಳು. ಕೈಯಲ್ಲಿ ಕಬ್ಬಿಣದ ದೊಡ್ಡ ಬೀಗದಕೈ. ಅದರಿಂದ ಎದುರಿನ ಕಪಾಟಿನ ಬಾಗಿಲನ್ನು ಮೂರು ಸಲ ಕುಟ್ಟಿದಳು. ಒಳಗಿನಿಂದ ಯಾರಾದರೂ 'ಬನ್ನಿ' ಎನ್ನುತ್ತಾರೇನೋ ಎಂದು ನಾವೆಲ್ಲರೂ ಕಾದೆವು.

"ಜೇನುಗಳೇ, ಕೇಳಿ," ಎಂದಳು ಆಕೆ. "ಅಂಚೆಮನೆ ಬೆಟ್ಟಿಗೆ ಹೆಣ್ಣು ಮಗು. ಏಳು ಪೌಂಡು. ಮೂಗು ಅದರಪ್ಪಂದೇ, ಪಾಪ."

ಆಮೇಲೆ ತಿರುಗಿ ನೋಡಿದಳು.

"ಅಯ್ಯೋ, ಇಷ್ಟೊಂದ್ ಜನ! ಎಲ್ಲಾರೂ ಬೂಟ್ ಬಿಚ್ಚಿದೀರಾ, ಬಾತು?"

ಬಾತು ಎಂದರೆ ನಾನು. ಡರ್ಬಿಶೈರಿನ ಈ ಭಾಗದಲ್ಲಿ ಪ್ರೀತಿ ಬಂದರೆ ಎದುರಿಗಿರುವವರು ಯಾರೇ ಆಗಲಿ, ಬಾತುಕೋಳಿಯೇ. ಕಟುಕ ಪಾದ್ರಿಯನ್ನು ಬಾತು ಎನ್ನುತ್ತಾನೆ, ಪಾದ್ರಿ ಪೊಲೀಸನನ್ನು ಬಾತು ಎನ್ನುತ್ತಾರೆ. ಯಾರಿಗೂ ಅದರಲ್ಲಿ ನಗು ಬರುವುದಿಲ್ಲ.

ನನ್ನ ತರಗತಿಯ ಹುಡುಗಿಯೊಬ್ಬಳು ಕಪಾಟನ್ನೇ ನೋಡುತ್ತ ಕೇಳಿದಳು: "ಅವು ಮರದ ಜೇನಲ್ವಾ? ಅವಕ್ಕೆ ಕೇಳ್ಸತ್ತಾ?"

"ನಿಮ್ಮಪ್ಪಂಗೆ ಎರಡೆರಡು ಕಿವಿ ಇದೆ," ಎಂದಳು ಮೇವಿಸ್. "ನಿಮ್ಮಮ್ಮ ಹೇಳಿದ್ದು ಕೇಳ್ಸತ್ತಾ?"

ಹುಡುಗಿ ಯೋಚಿಸಿ, ಇಲ್ಲವೆಂದು ತಲೆಯಾಡಿಸಿದಳು.

ಆ ಕಪಾಟು ನಿಜಕ್ಕೂ ನೋಡತಕ್ಕ ವಸ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ದೊಡ್ಡಮನೆಯ ಅಂದಿನ ಯಜಮಾನರು ತಮ್ಮ ಹೊಸ ಹೆಂಡತಿಗೆಂದು ಮಾಡಿಸಿದ್ದು. ಎದೆಮಟ್ಟ ಎತ್ತರ, ಎರಡೂ ಬದಿಗೆ ದುಂಡಗೆ ಬಾಗಿದ ಗಾಜು, ಮೂಲೆಗಳಲ್ಲಿ ಹಿತ್ತಾಳೆಯ ಬಳ್ಳಿ. ನಡುವಿನ ಬಾಗಿಲಿನಲ್ಲಿ ಮಾತ್ರ ಗಾಜಿಲ್ಲ, ಚಿತ್ರವಿದೆ. ಬಣ್ಣ ಬಳಿದ ಚಿತ್ರವಲ್ಲ; ಕಾಗದದಷ್ಟು ತೆಳ್ಳಗೆ ಸೀಳಿದ ಬಗೆಬಗೆಯ ಮರದ ಚೂರುಗಳನ್ನು ಕತ್ತರಿಸಿ, ಒಂದರ ಪಕ್ಕ ಒಂದು ಕೂಡಿಸಿ ಅಂಟಿಸಿದ ಚಿತ್ರ. ನಡುವೆ ಹುಲ್ಲಿನಿಂದ ಹೆಣೆದ ಜೇನುಗೂಡು, ಸುತ್ತ ಗುಲಾಬಿ, ಗೂಡಿನ ಬಾಯಿಯ ಬಳಿ ಹಾರಾಡುವ ಜೇನುಹುಳುಗಳು. ಒಂದೊಂದು ಹುಳುವಿನ ರೆಕ್ಕೆ ಒಂದು ಮರ, ಹೊಟ್ಟೆಯ ಪಟ್ಟೆ ಇನ್ನೊಂದು ಮರ. ಗೂಡಿನ ಬಾಯಿಯ ಸುತ್ತ ಸಣ್ಣ ಸಣ್ಣ ತಗ್ಗುಗಳೂ ಇದ್ದವು. ಅವು ಕುಶಲಕರ್ಮಿಯ ಕೆಲಸವಲ್ಲ, ಮೇವಿಸಳ ಬೀಗದಕೈಯ ಕೆಲಸ.

ಈ ಊರಿನಲ್ಲಿ ಜೇನು ಸಾಕಿದವರು ಮನೆಯ ಸುದ್ದಿಯನ್ನೆಲ್ಲ ಜೇನಿಗೆ ಹೇಳಬೇಕು. ಸಾವು, ಹುಟ್ಟು, ಮದುವೆ, ಯಜಮಾನಿಕೆ ಬದಲಾದದ್ದು, ಯಾವುದನ್ನೂ ಮುಚ್ಚಿಡುವಂತಿಲ್ಲ. ಮನೆಯ ಬೀಗದಕೈಯಿಂದ ಗೂಡನ್ನು ಮೂರು ಸಲ ಕುಟ್ಟಿ ಹೇಳಬೇಕು. ಮದುವೆಯಾದರೆ ಕೇಕಿನ ತುಂಡನ್ನೂ ಇಡಬೇಕು. ಹೇಳದಿದ್ದರೆ ಜೇನು ಮುನಿಸಿಕೊಂಡು ಗೂಡು ಬಿಟ್ಟು ಹೋಗುತ್ತವೆ. ಮೇವಿಸಳ ತಾತ ದೊಡ್ಡಮನೆಯ ತೋಟದಲ್ಲಿ ಜೇನು ನೋಡಿಕೊಳ್ಳುತ್ತಿದ್ದವರು. ಒಂದು ಚಳಿಗಾಲದಲ್ಲಿ ರೋಗ ಬಂದು ಗೂಡುಗಳೆಲ್ಲ ಬರಿದಾದವು. ಅದೇ ವಸಂತದಲ್ಲಿ ದೊಡ್ಡಮನೆಯ ಹಿರಿಯ ಯಜಮಾನರು ತೀರಿಕೊಂಡರು. ಅಲ್ಲಿ ಕೆಲಸಕ್ಕಿದ್ದ ಮೇವಿಸಳ ತಾಯಿ ಬೀಗದಕೈ ಹಿಡಿದು ತೋಟವೆಲ್ಲ ಸುತ್ತಿದಳು. ಹೇಳೋಣವೆಂದರೆ ಒಂದು ಜೇನೂ ಇಲ್ಲ. ಕೊನೆಗೆ ಒಳಗೆ ಬಂದು ಈ ಕಪಾಟಿಗೆ ಹೇಳಿದಳು. ಅಂದಿನಿಂದ ಊರಿನ ಸುದ್ದಿಯೆಲ್ಲ ಇಲ್ಲಿಗೇ ಬರತೊಡಗಿತು. ತಾಯಿಯ ನಂತರ ದೊಡ್ಡಮನೆ ಗುಡಿಸುವ ಕೆಲಸವೂ ಬೀಗದಕೈಯೂ ಮಗಳಿಗೆ ಬಂದವು.

"ಮರದ ಜೇನು ಎಲ್ಲಿಗೆ ಹೋಗ್ತವೆ, ಮೇವಿಸ್?" ಎಂದು ನಾನು ಒಮ್ಮೆ ಕೇಳಿದ್ದೆ.

"ಎಲ್ಲಿಗೂ ಹೋಗಿಲ್ಲ," ಎಂದಳು. "ನಾವು ಎಲ್ಲಾ ಹೇಳ್ತಾ ಬಂದಿದೀವಲ್ಲ, ಅದಕ್ಕೇ."

ಸುದ್ದಿ ಹೇಳುವ ಆಕೆಯ ರೀತಿ ವ್ಯಾಕರಣದ ಮೇಷ್ಟರಿಗೆ ಮೆಚ್ಚುಗೆಯಾಗುವಂಥದು. ಕರ್ತೃ, ಕರ್ಮ, ಕ್ರಿಯಾಪದ ಮೂರೂ ತಮ್ಮ ತಮ್ಮ ಜಾಗದಲ್ಲಿರುತ್ತಿದ್ದವು. ವಿಶೇಷಣಗಳು ಕಡಿಮೆ. ಜೇನಿಗೆ ವಿಶೇಷಣ ಹಿಡಿಸುವುದಿಲ್ಲವಂತೆ. ಮೂಗಿನಂಥ ವಿಷಯವಾದರೆ ಬೇರೆ ಮಾತು.

ಆ ವರ್ಷ ಕ್ರಿಸ್‌ಮಸ್ಸಿಗೆ ಆಕೆ ನನ್ನನ್ನು ಚಹಾಕ್ಕೆ ಕರೆದಳು. ನಾನು ಟೈ ಕಟ್ಟಿಕೊಂಡು ಹೋಗಿ ಆಕೆಯ ಮನೆಯ ಮುಂಬಾಗಿಲನ್ನು ತಟ್ಟಿದೆ. ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಬಾಗಿಲು ತೆರೆಯಲಿಲ್ಲ. ಆಚೆಯಿಂದ ಗಾಬರಿಯ ದನಿ ಬಂತು: "ಯಾರ್ ಸತ್ರು?"

"ನಾನು, ಮೇಷ್ಟ್ರು. ಚಹಾಕ್ಕೆ ಬಂದೆ."

"ಹಾಗಾದ್ರೆ ಹಿಂದ್ಗಡೆ ಬನ್ನಿ, ಬಾತು! ಎದೆ ನಿಂತೋಯ್ತು ನಂದು."

ಥ್ರಿಂಗ್ಲಿಯಲ್ಲಿ ಮುಂಬಾಗಿಲು ತೆರೆಯುವುದು ಶವಪೆಟ್ಟಿಗೆಗೆ, ಪಾದ್ರಿಗೆ, ಮತ್ತು ಪಿಯಾನೊ ಕೊಂಡರೆ ಪಿಯಾನೊಗೆ. ಬೇಕಾದವರೆಲ್ಲ ಹಿಂಬಾಗಿಲಿನಿಂದಲೇ ಬರುತ್ತಾರೆ. ಅಂದಿನಿಂದ ನಾನೂ ಹಾಗೆಯೇ ಬಂದೆ.

ಮೇವಿಸ್ ಮದುವೆಯಾಗಿರಲಿಲ್ಲ. ಹರೆಯದಲ್ಲಿ ಸಿರಿಲ್ ಎಂಬವನೊಡನೆ ನಿಶ್ಚಯವಾಗಿತ್ತಂತೆ. ಸಂತೋಷದಲ್ಲಿ ಊರಿಗೆಲ್ಲ ಹೇಳಿದಳು, ಬೇಕರಿಯವನಿಗೆ ಹೇಳಿದಳು, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳಿದಳು; ಜೇನಿಗೆ ಹೇಳುವುದನ್ನು ಮರೆತಳು. ವಾರ ಕಳೆಯುವುದರೊಳಗೆ ಸಿರಿಲ್, ಮೀನು ಕರಿದು ಮಾರುವ ಅಂಗಡಿಯ ವಿಧವೆಯೊಬ್ಬಳ ಜೊತೆ ಸಮುದ್ರತೀರದ ಸ್ಕೆಗ್ನೆಸ್ಸಿಗೆ ಹೊರಟುಹೋದ.

"ಸಿರಿಲ್ ಹೇಗೂ ಹೋಗ್ತಿದ್ದ," ಎಂದೆ ನಾನು.

"ಇರಬಹುದು. ಆದ್ರೆ ಜೇನಿಗೆ ಹೇಳಿದ್ದಿದ್ರೆ, ನಂಗೆ ಹೇಳಿ ಹೋಗ್ತಿದ್ದ," ಎಂದಳು.

ಆಮೇಲೆ ಹೊರೇಸ್ ಆಲ್ಸಪ್ ಬಂದ. ಮ್ಯಾಟ್‌ಲಾಕಿನ ಬಸ್ಸು ಓಡಿಸುತ್ತಿದ್ದ ದಪ್ಪ ಹೊಟ್ಟೆಯ, ಸಣ್ಣ ದನಿಯ ಮನುಷ್ಯ. ಪ್ರತಿವರ್ಷ ಉಪವಾಸದ ದಿನಗಳಿಗೆ ಮುಂಚಿನ ಪ್ಯಾನ್‌ಕೇಕ್ ಮಂಗಳವಾರ ಮೇವಿಸಳ ಅಡುಗೆಮನೆಗೆ ಬಂದು, ಮೊದಲನೆಯ ಪ್ಯಾನ್‌ಕೇಕ್ ತಿಂದು, "ಮದುವೆ ಆಗೋಣ್ವಾ, ಬಾತು?" ಎನ್ನುತ್ತಿದ್ದ. "ನಿಂಬೆಹಣ್ಣು ಹಿಂಡ್ಕೋ," ಎನ್ನುತ್ತಿದ್ದಳು ಮೇವಿಸ್. ಹೀಗೆ ಇಬ್ಬರಿಗೂ ಕೂದಲು ನೆರೆಯಿತು. ಹೊರೇಸ್ ನಿವೃತ್ತನಾದ, ನಾನೂ ನಿವೃತ್ತನಾದೆ. ದೊಡ್ಡಮನೆಯ ಮನೆತನದವರು ಸೋರುವ ಮಾಡಿನ ಜೊತೆ ಗುದ್ದಾಡಲಾರದೆ ಮನೆಯನ್ನು, ಕಪಾಟನ್ನು, ತೋಟದ ನವಿಲನ್ನು, ಮೇವಿಸಳನ್ನು ಎಲ್ಲವನ್ನೂ ಹಳೆಯ ಮನೆಗಳನ್ನು ಕಾಪಾಡುವ ಸಂಸ್ಥೆಯೊಂದಕ್ಕೆ ಒಪ್ಪಿಸಿಬಿಟ್ಟರು. ಟಿಕೆಟ್ ಕೊಂಡ ಜನ ಬರತೊಡಗಿದರು.

ಸಂಸ್ಥೆಯವರು ಕಳಿಸಿದ ಮೇಲ್ವಿಚಾರಕರು ಕ್ರಿಸ್ಪಿನ್ ವೇಲ್. ದಕ್ಷಿಣದವರು, ಇನ್ನೂ ಚಿಕ್ಕ ವಯಸ್ಸು, ಒಳ್ಳೆಯವರು. ಆದರೆ ಮರದ ಸಾಮಾನನ್ನು ಯಾರಾದರೂ ಮುಟ್ಟಿದರೆ ಅವರಿಗೇ ನೋವಾದಂತೆ ಮುಖ ಮಾಡುತ್ತಿದ್ದರು. ಬಂದವರು ಕೂರಬಾರದೆಂದು ಪ್ರತಿ ಹಳೆಯ ಕುರ್ಚಿಯ ಮೇಲೂ ಒಂದೊಂದು ಒಣಗಿದ ಮುಳ್ಳುಹೂವನ್ನು ಇಡಿಸಿದರು. ಗೋಡೆಯ ತೇವ ತಾಕದಿರಲೆಂದು ಕಪಾಟನ್ನು ಒಂದು ಮಾರು ಮುಂದಕ್ಕೆ ಎಳೆಸಿದರು. ಹಾಗೆ ಎಳೆಸಿ, ಕಿಟಕಿಯ ಬೆಳಕು ಅದರ ಮೇಲೆ ಬಿದ್ದಾಗಲೇ ಅವರ ಕಣ್ಣಿಗೆ ಎರಡು ಸಂಗತಿಗಳು ಬಿದ್ದದ್ದು: ಗೂಡಿನ ಸುತ್ತ ಕಬ್ಬಿಣದಿಂದ ಹೊಡೆದ ತಗ್ಗುಗಳು, ಮತ್ತು ಗುಲಾಬಿಯ ಮೇಲೆ ಒಂದು ಜೇನಿನ ಜಾಗದಲ್ಲಿ ಬರಿಯ ಅಂಟು.

ಅವರು ಮೇವಿಸಳನ್ನು ಕರೆದರು. ಆ ಕಾಲಕ್ಕೆ ಆಕೆ ಗುಡಿಸುವುದನ್ನು ಬಿಟ್ಟು, ಕೋಣೆಯ ಮೂಲೆಯಲ್ಲಿ ಕುಳಿತು ಬಂದವರಿಗೆ ದಾರಿ ಹೇಳುವ ಕೆಲಸಕ್ಕಿದ್ದಳು.

"ಮಿಸ್ ರೆಡ್‌ಫರ್ನ್, ಯಾರೋ ಈ ಕಪಾಟನ್ನ ಹೊಡೀತಿದ್ದಾರೆ. ನೀವು ಇಲ್ಲೇ ಕೂತು ಕಾಯ್ಬೇಕು. ಯಾರು ಅಂತ ನಂಗೆ ಹೇಳ್ಬೇಕು."

ಹೀಗೆ ಮೇವಿಸಳನ್ನು ಹಿಡಿಯುವ ಕೆಲಸಕ್ಕೆ ಮೇವಿಸಳೇ ನೇಮಕವಾದಳು. ಆಕೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ವಾರ ಕಳೆದು ವೇಲ್ ಕೇಳಿದಾಗ, "ನಾನು ಕೂತಿದ್ದಾಗ ಯಾರೂ ಹೊಡೀಲಿಲ್ಲ," ಎಂದಳು. ಅವರಿಗೆ ಸಮಾಧಾನವಾಗಲಿಲ್ಲ. ಕಪಾಟಿನ ಸುತ್ತ ಕೆಂಪು ಹಗ್ಗ ಕಟ್ಟಿಸಿ, ಹಗ್ಗ ದಾಟಿದರೆ ಝೂಂ ಎಂದು ಕೂಗುವ ಯಂತ್ರವನ್ನು ಇಡಿಸಿದರು.

ಅದಾದ ಮೇಲೆ ಬಂದ ಪ್ಯಾನ್‌ಕೇಕ್ ಮಂಗಳವಾರ ಹೊರೇಸ್ ಎಂದಿನಂತೆ ಕೇಳಿದ. ಮೇವಿಸ್ ಎಂದಿನಂತೆ ನಿಂಬೆಹಣ್ಣು ಕೊಡಲಿಲ್ಲ.

"ಮಂಡಿ ನೋವಿಗೆ ಇಬ್ರೂ ಒಂದೇ ಮುಲಾಮು ಹಚ್ತೀವಿ. ಎರಡೆರಡು ಡಬ್ಬಿ ಯಾಕೆ? ಆಗೋಣ," ಎಂದಳು.

ಹೊರೇಸನಿಗೆ ಪ್ಯಾನ್‌ಕೇಕ್ ಗಂಟಲಿಗೆ ಸಿಕ್ಕಿತು. ಬೆನ್ನಿಗೆ ಗುದ್ದಿ ಬದುಕಿಸಿದ ಮೇಲೆ ಮೇವಿಸ್ ಹೇಳಿದಳು: "ಆದ್ರೆ ಜೇನಿಗೆ ಹೇಳ್ದೆ ಚರ್ಚಿಗೆ ಕಾಲಿಡಲ್ಲ. ಒಂದ್ಸಲ ಕಂಡಿದೀನಿ."

ಹೇಳುವುದಾದರೂ ಹೇಗೆ? ವೇಲರ ಅಪ್ಪಣೆ ಕೇಳಬೇಕೆಂದರೆ ತಗ್ಗುಗಳೆಲ್ಲ ತನ್ನವೆಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಆ ಕೋಣೆಗೆ ಮತ್ತೆಂದೂ ಬಿಡಲಾರರೆಂಬ ಭಯ. ಹಗ್ಗದ ಈಚೆ ನಿಂತು ಕೂಗಿ ಹೇಳೋಣವೆಂದರೆ, ಕುಟ್ಟದೆ ಹೇಳಿದ್ದು ಲೆಕ್ಕಕ್ಕಿಲ್ಲ. ದಿನಗಳು ಉರುಳಿದವು. ಚರ್ಚಿನಲ್ಲಿ ಪಾದ್ರಿಗಳು ಮದುವೆಯ ಘೋಷಣೆ ಓದತೊಡಗಿದರು. ಮೂರು ಭಾನುವಾರ ಓದುವುದು ಪದ್ಧತಿ. ಮೂರನೆಯ ಭಾನುವಾರ ಅವರು, "ಈ ಮದುವೆ ನಡೆಯಬಾರದೆಂಬುದಕ್ಕೆ ಯಾರಿಗಾದರೂ ಕಾರಣ ತಿಳಿದಿದ್ದರೆ ಈಗಲೇ ಹೇಳಬೇಕು," ಎಂದು ಓದಿ ಮುಗಿಸುವಷ್ಟರಲ್ಲಿ ಒಬ್ಬರು ಎದ್ದು ನಿಂತರು. ವಧು.

"ನಂಗೆ ಗೊತ್ತು. ಜೇನಿಗೆ ಇನ್ನೂ ಹೇಳಿಲ್ಲ."

ಪಾದ್ರಿಗಳು ಕನ್ನಡಕ ತೆಗೆದರು. "ಮೇವಿಸ್, ಬಾತು, ಕಾನೂನಿನಲ್ಲಿ ಅದು ಅಡ್ಡಿ ಅಲ್ಲ."

"ಕಾನೂನು ಮದುವೆ ಆಗ್ತಿಲ್ಲ. ನಾನು ಆಗ್ತಿರೋದು."

ಹೊರೇಸನ ಮುಖ ಚರ್ಚಿನ ಮೇಣದ ಬತ್ತಿಯಂತೆ ಬಿಳುಪೇರಿತು. ಶನಿವಾರ ಮದುವೆ. ಹೊರಗೆ ಬಂದವನೇ ನನ್ನ ತೋಳು ಹಿಡಿದ. "ಮೇಷ್ಟ್ರೇ, ನಂಗೊಂದು ಉಪಾಯ ಹೊಳೆದಿದೆ. ನೀವು ಬಾಗ್ಲಲ್ಲಿ ನಿಂತ್ರೆ ಸಾಕು."

ಉಪಾಯ ಇಷ್ಟೇ. ಹೊರೇಸನಿಗೆ ಕಾಲುವೆಯಲ್ಲಿ ಮೀನು ಹಿಡಿಯುವ ಹುಚ್ಚು. ಝೂಂ ಯಂತ್ರದ ಕಣ್ಣು ಇರುವುದು ಸೊಂಟದ ಮಟ್ಟದಲ್ಲಿ. ಅದರ ಮೇಲಿಂದ ಗಾಳದ ಕೋಲನ್ನು ಚಾಚಿ, ತುದಿಗೆ ಕಟ್ಟಿದ ಬೀಗದಕೈಯಿಂದ ದೂರದಿಂದಲೇ ಕುಟ್ಟಬೇಕು.

ಮಂಗಳವಾರ ಮಧ್ಯಾಹ್ನ, ನೋಡಲು ಬಂದವರೆಲ್ಲ ಚಹಾದ ಕೋಣೆಗೆ ಹೋದಾಗ, ಕೆಲಸ ಶುರುವಾಯಿತು. ಹೊರೇಸ್ ಕೋಲು ಚಾಚಿದ. ಬೀಗದಕೈ ಗಾಳಿಯಲ್ಲಿ ತೂಗಾಡಿತು.

"ಎಡಕ್ಕೆ, ಹೊರೇಸ್. ಎಡಕ್ಕೆ! ಅದು ಗುಲಾಬಿ. ಗುಲಾಬಿಗೆ ಯಾರ್ ಹೇಳ್ತಾರೆ?"

"ಬಸ್ಸಾಗಿದ್ರೆ ತಿರುಗ್ಸ್ತಿದ್ದೆ."

"ಬಸ್ಸನ್ನೂ ನೀನು ನೆಟ್ಟಗೆ ತಿರುಗ್ಸಿಲ್ಲ. ಕಟುಕನ ಅಂಗಡಿ ಗೋಡೆ ನೋಡು ಹೋಗು."

ಟಕ್. ಒಂದಾಯಿತು. ಟಕ್. ಎರಡಾಯಿತು. ಮೂರನೆಯದಕ್ಕೆ ಕೋಲು ಗಿಡ್ಡವಾಯಿತೆಂದು ಹೊರೇಸ್ ಸ್ವಲ್ಪ ಮುಂದಕ್ಕೆ ಬಾಗಿದ. ಅವನು ಹಗ್ಗ ದಾಟಲಿಲ್ಲ. ಅವನ ಹೊಟ್ಟೆ ದಾಟಿತು. ಝೂಂ ಎಂದು ಯಂತ್ರ ಮನೆಯೆಲ್ಲ ಕೇಳುವಂತೆ ಕೂಗಿತು.

ನಾನು ಬಾಗಿಲಲ್ಲಿ ಕಾವಲಿದ್ದುದರಿಂದ ಏನೂ ಪ್ರಯೋಜನವಾಗಲಿಲ್ಲ. ವೇಲ್ ಇನ್ನೊಂದು ಬಾಗಿಲಿನಿಂದ ಓಡಿ ಬಂದರು. ಯಂತ್ರವನ್ನು ಆರಿಸಿ, ಕೋಲನ್ನು, ಬೀಗದಕೈಯನ್ನು, ಹೊರೇಸನನ್ನು ಒಂದೊಂದಾಗಿ ನೋಡಿದರು.

"ಏನ್ ಮಾಡ್ತಿದೀರಿ?"

"ಮೀನು ಹಿಡೀತಿದ್ದೆ, ಸರ್," ಎಂದ ಹೊರೇಸ್.

ಮೇವಿಸ್ ಅವನನ್ನು ಪಕ್ಕಕ್ಕೆ ಸರಿಸಿದಳು. "ಅವನ್ನ ಬಿಡಿ, ಬಾತು. ಹೊಡೆದೋಳು ನಾನು. ಇಷ್ಟು ವರ್ಷವೂ ನಾನೇ. ನನಗಿಂತ ಮುಂಚೆ ನಮ್ಮಮ್ಮ."

"ಆದ್ರೆ ಯಾರೂ ಹೊಡೀಲಿಲ್ಲ ಅಂದ್ರಲ್ಲ!"

"ಕೂತಿದ್ದಾಗ ಯಾರೂ ಹೊಡೀಲಿಲ್ಲ. ಹೊಡೆಯೋವಾಗ ನಾನು ನಿಂತಿರ್ತೀನಿ."

ಆಮೇಲೆ ಆಕೆ ಏಪ್ರನ್ನಿನ ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ಅವರ ಕೈಯಲ್ಲಿಟ್ಟಳು. ವೇಲ್ ತೆರೆದರು. ಹತ್ತಿಯ ಮೇಲೆ ಕಾಣೆಯಾಗಿದ್ದ ಮರದ ಜೇನು ಮಲಗಿತ್ತು. ಈ ಒಂದು ಹುಳುವಿಗಾಗಿ ಅವರು ನೆಲದ ಹಲಗೆಗಳನ್ನೆಲ್ಲ ಕೀಳಿಸಿದ್ದರು.

"ನೀವು ಬಂದ ವಾರ ಉದುರಿತ್ತು. ಪೂರ್ತಿ ಹೊರಟೋಗ್ಬಾರ್ದು ಅಂತ ಎತ್ತಿಟ್ಟೆ."

ವೇಲ್ ಪೊಟ್ಟಣವನ್ನು ತಿರುಗಿಸಿ ನೋಡಿದರು. "ಈ ತೂತುಗಳು ಯಾಕೆ?"

"ಗಾಳಿಗೆ."

ವೇಲ್ ಹಿಂದೆ ಸರಿದು ಪಕ್ಕದ ಕುರ್ಚಿಯಲ್ಲಿ ಕುಳಿತರು. ಕುಳಿತಷ್ಟೇ ಬೇಗ ಎದ್ದರು. ತಾವೇ ಇಡಿಸಿದ ಮುಳ್ಳುಹೂವು ಅದರ ಮೇಲಿತ್ತು. ಹೊರೇಸ್ ಕಿಟಕಿಯ ಕಡೆ ತಿರುಗಿಕೊಂಡ. ಅವನ ಭುಜಗಳು ಕುಲುಕುತ್ತಿದ್ದವು.

ಮೇವಿಸ್ ಮುಳ್ಳುಗಳನ್ನು ಅವರ ಕೋಟಿನಿಂದ ಕೀಳುತ್ತ ಎಲ್ಲವನ್ನೂ ಹೇಳಿದಳು: ತಾತ, ತಾಯಿ, ಸಿರಿಲ್, ಶನಿವಾರದ ಮದುವೆ. ಯಜಮಾನಿಕೆ ಬದಲಾದರೂ ಜೇನಿಗೆ ಹೇಳಬೇಕೆಂಬುದನ್ನೂ ಹೇಳಿದಳು. ಅಲ್ಲಿಗೆ ಬಂದಾಗ ವೇಲ್ ತಡೆದರು.

"ನಾನು ಬಂದದ್ದನ್ನ ಹೇಳಿದ್ರಾ?"

ಮೇವಿಸಳ ಮುಖ ಕೆಂಪಾಯಿತು. "ಇಲ್ಲ. ಚಳಿಗೆ ಹೆದರಿ ಕ್ರಿಸ್‌ಮಸ್ಸಿನೊಳಗೆ ಹೊರಟುಬಿಡ್ತೀರಿ ಅಂದ್ಕೊಂಡೆ."

"ಹಾಗಾದ್ರೆ ಬಾಯ್ಲರ್ ಒಡೆದದ್ದು?"

"ಹೌದು, ಬಾತು."

"ಮೆಟ್ಟಿಲ ಮೇಲಿನ ಚಾವಣಿ ಬಿದ್ದದ್ದು?"

"ಇರಬೇಕು."

"ನವಿಲು ನನ್ನ ಅಟ್ಟಿಸ್ಕೊಂಡು ಬಂದದ್ದು?"

"ಇಲ್ಲ, ನವಿಲು ಮೊದ್ಲಿಂದ್ಲೂ ಹಾಗೇ. ಪೋಕ್ರಿ."

ವೇಲ್ ಕಪಾಟಿನ ಸುತ್ತ ಒಂದು ಸುತ್ತು ಬಂದರು. ಅವರಿಗೆ ಇಲ್ಲವೆನ್ನಲು ಮನಸ್ಸಿಲ್ಲ, ಹೂಂ ಎನ್ನಲು ಧೈರ್ಯವಿಲ್ಲ. "ಮುಂದ್ಗಡೆ ಚಿತ್ರವನ್ನ ಮಾತ್ರ ಇನ್ನು ಮುಟ್ಟೋ ಹಾಗಿಲ್ಲ, ಮಿಸ್ ರೆಡ್‌ಫರ್ನ್. ಏನು ಬೇಕಾದ್ರೂ ಕೇಳಿ, ಅದೊಂದು ಬಿಟ್ಟು." ಕಪಾಟಿನ ಹಿಂದೆ ನಿಂತರು. ಅಲ್ಲಿ ಚಿತ್ರವಿಲ್ಲ, ಮೆರುಗಿಲ್ಲ. ಗೋಡೆಗೆ ಮಾತ್ರ ಕಾಣಲೆಂದು ಬಡಿದ ಬರಿಯ ಪೈನ್ ಹಲಗೆಗಳು. "ಹಿಂದ್ಗಡೆ ಆದ್ರೆ... ಆದ್ರೆ ನೀವು ಒಪ್ಪಲ್ವೇನೋ."

ಮೇವಿಸ್ ಆ ಹಲಗೆಗಳನ್ನೇ ನೋಡಿದಳು. ಕೈ ಎದೆಯ ಮೇಲೆ ಬಂತು.

"ಹಿಂಬಾಗ್ಲು!" ಎಂದಳು. "ಹೊರೇಸ್, ನಾವು ಇಷ್ಟು ವರ್ಷವೂ ಮುಂಬಾಗ್ಲು ಬಡೀತಿದ್ವಿ ಕಣೋ! ಮಗು ಹುಟ್ಟಿದ್ರೂ ಮುಂಬಾಗ್ಲು, ಮದುವೆಗೂ ಮುಂಬಾಗ್ಲು. ಪಾಪ, ಪ್ರತಿ ಸಲ ಯಾರೋ ಸತ್ರು ಅಂತ ಎದೆ ಹಿಡ್ಕೊಂಡಿರ್ತವೆ!"

ದಕ್ಷಿಣದವರಾದ ವೇಲರಿಗೆ ಇದು ಅರ್ಥವಾಗಲಿಲ್ಲ. ಆದರೆ ಹಗ್ಗದ ಕೊಕ್ಕೆಯನ್ನು ಅವರೇ ಬಿಚ್ಚಿದರು. ಮೇವಿಸ್ ಕಪಾಟಿನ ಹಿಂದಕ್ಕೆ ನಡೆದಳು. ಪೈನ್ ಹಲಗೆಯನ್ನು ಮೂರು ಸಲ ಕುಟ್ಟಿದಳು. ನೆರೆಮನೆಯವಳು ಸಕ್ಕರೆ ಕೇಳಲು ಬಂದಂತೆ, ಹಗುರವಾಗಿ.

"ಜೇನುಗಳೇ, ಕೇಳಿ. ಇವರು ಮಿಸ್ಟರ್ ವೇಲ್. ಹೊಸ ಯಜಮಾನರು. ದಕ್ಷಿಣದವರು, ಆದ್ರೂ ಕಲ್ತ್ಕೋತಾರೆ. ಮೊದ್ಲೇ ಹೇಳ್ಬೇಕಾಗಿತ್ತು, ಹೇಳ್ಲಿಲ್ಲ." ಆಮೇಲೆ ಏಪ್ರನ್ ನೇರಮಾಡಿಕೊಂಡಳು. "ಶನಿವಾರ ನಾನೂ ಹೊರೇಸೂ ಮದುವೆ ಆಗ್ತಿದೀವಿ."

ಆರಿಸಿದ್ದ ಯಂತ್ರಕ್ಕೆ ಏನಾಯಿತೋ, ಅದು ಆಗಲೇ ತಾನಾಗಿ ಮತ್ತೆ ಝೂಂ ಎಂದಿತು. ಯಾರೂ ಅದನ್ನು ಆರಿಸಲು ಹೋಗಲಿಲ್ಲ.

"ಕೇಳಿಸ್ಕೊಂಡ್ವು," ಎಂದ ಹೊರೇಸ್, ಸಣ್ಣ ದನಿಯಲ್ಲಿ.

ಮದುವೆ ಚೆನ್ನಾಗಿಯೇ ನಡೆಯಿತು. ಉಳಿದದ್ದು ಕೇಕಿನ ಮಾತು. ಕೋಣೆಯೊಳಗೆ ತಿನ್ನುವ ಪದಾರ್ಥ ತಂದರೆ ಇಲಿ ಬರುತ್ತದೆಂದು ವೇಲ್ ಆ ವಿಷಯದಲ್ಲಿ ಬಗ್ಗಲಿಲ್ಲ. ಕೊನೆಗೆ ಅವರೇ ಒಂದು ದಾರಿ ಕಂಡುಹಿಡಿದರು. ದೊಡ್ಡಮನೆಯ ಅಟ್ಟದಲ್ಲಿ ಸತ್ತ ಗೂಬೆಯೊಂದನ್ನು ಮುಚ್ಚಿಟ್ಟ ಗಾಜಿನ ಗುಮ್ಮಟವಿತ್ತು. ಗೂಬೆಯನ್ನು ತೆಗೆದು, ಕೇಕಿನ ತುಂಡನ್ನು ಅದರೊಳಗಿಟ್ಟು, ಕಪಾಟಿನ ಪಕ್ಕದ ಮೇಜಿನ ಮೇಲೆ ಇರಿಸಿದರು. ಒಂದು ದಿನಕ್ಕೆಂದು ಇಟ್ಟದ್ದು. ಮರುದಿನ ಬಂದವರು ಅದರ ಮುಂದೆ ನಿಂತು, "ವಿಕ್ಟೋರಿಯಾ ಕಾಲದ ಮದುವೆಯ ಕೇಕು, ನೋಡು, ಹೇಗೆ ಕೆಡದೆ ಉಳಿದಿದೆ," ಎಂದು ಫೋಟೋ ತೆಗೆಯುತ್ತಿದ್ದರು. ಹಣ್ಣು, ಬ್ರಾಂದಿ ಹಾಕಿ ಮೇವಿಸ್ ಮಾಡಿದ ಕೇಕು ಅಷ್ಟು ಸುಲಭಕ್ಕೆ ಕೆಡುವಂಥದಲ್ಲ. ಅದು ಇಂದಿಗೂ ಅಲ್ಲೇ ಇದೆ.

ಡರ್ಬಿಯಿಂದ ಬಂದ ಕೆಲಸಗಾರನೊಬ್ಬ ಉದುರಿದ ಜೇನನ್ನು ಗುಲಾಬಿಯ ಮೇಲೆ ಮತ್ತೆ ಅಂಟಿಸಿದ. ಖಾಲಿ ಬೆಂಕಿಪೊಟ್ಟಣ ವೇಲರ ಮೇಜಿನ ಖಾನೆಯಲ್ಲಿದೆ. ಮೂರು ಚಳಿಗಾಲ ಕಳೆದರೂ ಅವರು ಹೊರಟುಹೋಗಿಲ್ಲ. ಚಾವಣಿ ಈಗ ಸೋರುವುದಿಲ್ಲ. ನವಿಲು ಮಾತ್ರ ಬದಲಾಗಿಲ್ಲ.

ಮೇವಿಸ್ ಈಗಲೂ ಮಂಗಳವಾರ, ಗುರುವಾರ ಆ ಕೋಣೆಯ ಮೂಲೆಯಲ್ಲಿ, ಮುಳ್ಳುಹೂವಿಲ್ಲದ ಒಂದೇ ಕುರ್ಚಿಯಲ್ಲಿ ಕೂರುತ್ತಾಳೆ. ಬೆಳಿಗ್ಗೆ ಅಂಗಡಿಯಲ್ಲಿ ಜನ ಆಕೆಯನ್ನು ನಿಲ್ಲಿಸಿ ಸುದ್ದಿ ಕೊಡುತ್ತಾರೆ. ಆಕೆ ಎಲ್ಲವನ್ನೂ ತೆಗೆದುಕೊಳ್ಳುವುದಿಲ್ಲ. "ಇದು ಬರೀ ಚಾಡಿ, ಬಾತು. ಜೇನಿಗೆ ಚಾಡಿ ಹೇಳ್ಬಾರ್ದು, ನಂಗೆ ಹೇಳು," ಎಂದು ತನ್ನ ಪಾಲಿಗೆ ಇಟ್ಟುಕೊಳ್ಳುತ್ತಾಳೆ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಹೊರೇಸ್ ಬಂದು ಅವಳ ಕೋಟನ್ನು ಹಿಡಿದು ನಿಲ್ಲುತ್ತಾನೆ, ಆಕೆ ಬೀಗದಕೈ ತೆಗೆದುಕೊಂಡು ಕಪಾಟಿನ ಹಿಂದಕ್ಕೆ ಹೋಗುತ್ತಾಳೆ.

ಕಳೆದ ಗುರುವಾರ ನಾನೂ ಅಲ್ಲಿದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ಮನೆ ಬಿಟ್ಟು ಹೊರಟದ್ದು ಅದೇ ಮೊದಲು. ಕೋಲೂರಿಕೊಂಡು ಬಾಗಿಲ ತನಕ ಬರುವಷ್ಟರಲ್ಲಿ ಕಪಾಟಿನ ಹಿಂದಿನಿಂದ ಮೂರು ಸಲ ಟಕ್ ಟಕ್ ಟಕ್ ಎಂದು ಕೇಳಿತು, ಆಮೇಲೆ ಮೇವಿಸಳ ದನಿ:

"ಜೇನುಗಳೇ, ಕೇಳಿ. ಮೇಷ್ಟ್ರಿಗೆ ಹೊಸ ಮಂಡಿ ಹಾಕಿದಾರೆ. ಎಡಗಾಲು. ನಡೀತಾರೆ, ಆದ್ರೆ ನಿಧಾನ. ಮುಲಾಮು ಕೊಡೋಣ ಅಂತಿದೀವಿ, ನಮ್ಮ ಹತ್ರ ಈಗ ಒಂದು ಡಬ್ಬಿ ಹೆಚ್ಗೆ ಇದೆ."